ಸ್ಕೋನ್ ಹಿಟ್ಟನ್ನು ನಾದಬೇಡಿ

ಇಂಗ್ಲಿಷರು ಚಹಾದ ಜೊತೆ ತಿನ್ನುವ ಸಣ್ಣ ಬೇಕರಿ ತಿನಿಸು ಸ್ಕೋನ್ ಗಟ್ಟಿಯಾದರೆ ಬಹಳ ಮಂದಿ ಬೇಕಿಂಗ್ ಪೌಡರನ್ನು ದೂರುತ್ತಾರೆ, ಮುಂದಿನ ಸಲ ಇನ್ನೊಂದು ಚಮಚ ಸುರಿಯುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಇರುವುದು ನಾದಿದ ಕೈಯಲ್ಲಿ.

ಮೈದಾದ ಗ್ಲೂಟೆನಿನ್, ಗ್ಲಯಾಡಿನ್ ಎಂಬ ಪ್ರೋಟೀನುಗಳು ನೀರು ಕುಡಿದು, ನಾದಿದಷ್ಟೂ ಒಂದಕ್ಕೊಂದು ಹೆಣೆದುಕೊಂಡು ಗ್ಲೂಟೆನ್ ಬಲೆಯಾಗುತ್ತವೆ. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು ಈ ಬಲೆಯಿಂದಲೇ. ಸ್ಕೋನ್‌ಗೆ ಬೇಕಾದದ್ದು ಇದರ ತದ್ವಿರುದ್ಧ: ಕೈಯಲ್ಲಿ ಮುರಿದರೆ ಪುಡಿಪುಡಿಯಾಗಿ ಬಿಡಿಸಿಕೊಳ್ಳಬೇಕು. ಅದಕ್ಕೇ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಗಟ್ಟಿ ಬೆಣ್ಣೆ. 225 ಗ್ರಾಂ ಮೈದಾಕ್ಕೆ 3 ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಬೆರೆಸಿ, 55 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲಷ್ಟೇ ಉಜ್ಜಿ. ಹಿಟ್ಟಿನ ಕಣಗಳಿಗೆ ಜಿಡ್ಡು ಮೆತ್ತಿಕೊಂಡರೆ ನೀರು ಪ್ರೋಟೀನನ್ನು ಸುಲಭವಾಗಿ ಮುಟ್ಟಲಾರದು. ಉಳಿದ ಸಣ್ಣ ಬೆಣ್ಣೆ ತುಣುಕುಗಳು ಓವನ್‌ನಲ್ಲಿ ಕರಗಿ, ಅವುಗಳೊಳಗಿನ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. ಅಂಗೈಯ ಶಾಖಕ್ಕೆ ಬೆಣ್ಣೆ ಮೊದಲೇ ಕರಗಿದರೆ ಈ ಲಾಭವೆಲ್ಲ ಹೋಯಿತು.

25 ಗ್ರಾಂ ಸಕ್ಕರೆ ಹಾಕಿ, ಸುಮಾರು 150 ಮಿಲಿ ತಣ್ಣನೆಯ ಹಾಲಿನಲ್ಲಿ ಹಿಟ್ಟು ಕೂಡಿಕೊಂಡರೆ ಸಾಕು, ನಿಲ್ಲಿಸಿ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಅಚ್ಚನ್ನು ನೇರವಾಗಿ ಒತ್ತಿ ನೇರವಾಗಿ ಎತ್ತಿ. ತಿರುಚಿದರೆ ಅಂಚು ಮೆತ್ತಿಕೊಂಡು ಸ್ಕೋನ್ ವಾಲಿಕೊಂಡು ಉಬ್ಬುತ್ತದೆ. ಮೇಲೆ ಸವರಿದ ಹಾಲು ಬದಿಗೆ ಇಳಿದರೂ ಅದೇ ಪಾಡು. 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ ಬೇಯಬೇಕು. ತೇವ ತಾಕಿದ ಪೌಡರ್ ಅನಿಲ ಬಿಡತೊಡಗುವುದರಿಂದ ಕಲಸಿದ ಹಿಟ್ಟನ್ನು ಹಾಗೇ ಇಡದೆ ಕೂಡಲೇ ಬೇಯಿಸಿ. ಪೌಡರ್ ಬದಲು ಬರೀ ಅಡುಗೆ ಸೋಡಾ ಹಾಕಿದರೆ, ಹುಳಿಯ ಜೊತೆಯಿಲ್ಲದೆ ಅದು ಬಿಸಿಗೆ ಸೋಡಿಯಂ ಕಾರ್ಬೊನೇಟ್ ಆಗಿ ಸಾಬೂನಿನ ರುಚಿ ಉಳಿಸುತ್ತದೆ.

ಈ ಪೌಡರಿನ ಹಿಂದೊಂದು ಸಂಸಾರದ ಕಥೆಯಿದೆ. ಯೀಸ್ಟ್ ಒಗ್ಗದ ಹೆಂಡತಿಗಾಗಿ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ 1843ರಲ್ಲಿ ಇದನ್ನು ರೂಪಿಸಿದ. 1845ರಲ್ಲಿ ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ ತಾನಾಗಿ ಉಬ್ಬುವ ಹಿಟ್ಟಿಗೆ ಪೇಟೆಂಟ್ ಪಡೆದ. ಬೆಡ್‌ಫರ್ಡ್‌ನ ಡಚೆಸ್ ಅನ್ನಾ ರಾತ್ರಿಯೂಟದವರೆಗೆ ಹಸಿವು ತಾಳದೆ ಮಧ್ಯಾಹ್ನ ಚಹಾ, ತಿಂಡಿ ತರಿಸಿಕೊಳ್ಳತೊಡಗಿದ್ದೂ 1840ರ ಸುಮಾರಿಗೇ ಎನ್ನುತ್ತಾರೆ. ಸ್ಕಾಟ್ಲೆಂಡಿನ ಕಾವಲಿಯ ಮೇಲೆ ಬೇಯುತ್ತಿದ್ದ ಚಪ್ಪಟೆ ಸ್ಕೋನ್ ಎತ್ತರಕ್ಕೆ ಉಬ್ಬಿ ಚಹಾದ ಮೇಜಿಗೆ ಬರಲು ಬರ್ಡ್‌ನ ಪುಡಿಯಂಥದ್ದೇ ಬೇಕಿತ್ತು. ಹೋಟೆಲುಗಳು ಈ ಮಧ್ಯಾಹ್ನದ ಚಹಾವನ್ನು ‘ಹೈ ಟೀ’ ಎನ್ನುವುದು ಮಾತ್ರ ತಪ್ಪು. ಅದು ಕೆಲಸ ಮುಗಿಸಿ ಬಂದ ಕಾರ್ಮಿಕರ ಸಂಜೆಯ ಊಟ.

ಸ್ಕೋನ್ ಜೊತೆಗೆ ಬರುವ, ದಪ್ಪ ಕೆನೆಯಾದ ಕ್ಲಾಟೆಡ್ ಕ್ರೀಮ್‌ನಲ್ಲಿ ಕನಿಷ್ಠ 55 ಶೇಕಡಾ ಕೊಬ್ಬಿರುತ್ತದೆ. ಬಿಸಿ ಸ್ಕೋನಿನ ಮೇಲೆ ಅದು ಕರಗಿ ಹರಿಯುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನವರಂತೆ ಜಾಮ್ ಮೊದಲು ಹಚ್ಚುವವರಿಗೆ ಈ ತೊಂದರೆ ಕಡಿಮೆ. ಡೆವನ್‌ನವರಂತೆ ಕ್ರೀಮ್ ಮೊದಲು ಹಚ್ಚುವುದಾದರೆ ಸ್ಕೋನ್ ಹತ್ತು ನಿಮಿಷವಾದರೂ ಆರಲಿ.