ಸಾವಿರ ಕಿಲೋಮೀಟರಿಗೆ ಎಷ್ಟು ಲೀಟರ್?

ಕಾರಿನ ವಿಚಾರಕ್ಕೆ ವಾದ ಮಾಡುವವರೆಂದರೆ ನನಗೆ ಪ್ರೀತಿ. ಮಾರುತಿ ಒಳ್ಳೆಯದೋ ಟಾಟಾ ಒಳ್ಳೆಯದೋ, ಟರ್ಬೊ ಬೇಕೋ ಬೇಡವೋ, ಮೂರು ಸಿಲಿಂಡರಿನ ನಡುಕ ಸಹಿಸಬಹುದೋ ಇಲ್ಲವೋ ಅಂತ ಸರ್ವಿಸಿಗೆ ಬಿಟ್ಟ ಗಾಡಿಯ ಪಕ್ಕದಲ್ಲೇ ನಿಂತು ಅರ್ಧ ದಿನ ಮಾತಾಡುವ ಗಿರಾಕಿಗಳು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಬರುತ್ತಿರುತ್ತಾರೆ. ಅವರ ಬಾಯಿಂದ ನಾನು ಕಲಿತದ್ದೂ ಇದೆ. ಆದರೆ ಮಾತು ಮೈಲೇಜಿನ ಕಡೆ ತಿರುಗಿತೋ, ಅಷ್ಟು ಹೊತ್ತು ಟಾರ್ಕ್, ಗೇರ್ ರೇಶಿಯೊ ಎಂದು ಕರಾರುವಾಕ್ಕಾಗಿ ಮಾತಾಡಿದವರೇ ಒಂದು ಸಣ್ಣ ಲೆಕ್ಕದಲ್ಲಿ ದಾರಿ ತಪ್ಪುತ್ತಾರೆ. ಎಂಜಿನಿಯರಿಂಗ್ ಓದಿದವರು, ಬ್ಯಾಂಕಿನಲ್ಲಿ ಕೂತು ಊರವರ ಬಡ್ಡಿ ಲೆಕ್ಕ ಹಾಕುವವರು, ಹೈಸ್ಕೂಲಿನ ಗಣಿತದ ಮೇಷ್ಟ್ರು, ಯಾರನ್ನು ಕೇಳಿದರೂ ಅದೇ ತಪ್ಪು.

ತಪ್ಪು ಇಷ್ಟೇ: ಒಂದು ಕಾರು ಲೀಟರಿಗೆ ಕೊಡುವ ಕಿಲೋಮೀಟರಿನಲ್ಲಿ ಇನ್ನೊಂದು ಕೊಡುವುದನ್ನು ಕಳೆದು, ಉಳಿದ ಸಂಖ್ಯೆಯೇ ಉಳಿತಾಯ ಎಂದುಕೊಳ್ಳುತ್ತಾರೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮನೆಯಲ್ಲಿ ಎರಡು ಗಾಡಿ. ತೋಟಕ್ಕೆ, ಮಂಡಿಗೆ, ಗೊಬ್ಬರದ ಚೀಲ ತರುವುದಕ್ಕೆ ಹಳೆಯ ಜೀಪು. ಅದು ಕೊಡುವುದು ಲೀಟರಿಗೆ 10. ಮಗ ಶಿವಮೊಗ್ಗಕ್ಕೆ ಕೆಲಸಕ್ಕೆ ಓಡಾಡುವುದಕ್ಕೆ ಸಣ್ಣ ಕಾರು. ಅದು 20 ಕೊಡುತ್ತದೆ. ಎರಡೂ ತಿಂಗಳಿಗೆ ಹೆಚ್ಚುಕಮ್ಮಿ ಸಾವಿರ ಕಿಲೋಮೀಟರ್ ಓಡುತ್ತವೆ. ಆ ವರ್ಷ ಅಡಿಕೆಗೆ ಒಳ್ಳೆಯ ರೇಟು ಸಿಕ್ಕಿತ್ತು, ಒಂದು ಗಾಡಿ ಬದಲಿಸುವಷ್ಟು ದುಡ್ಡಿತ್ತು. ಯಾವುದನ್ನು ಬದಲಿಸುವುದು?

ಮಗ ಹೇಳಿದ, “ಸಾರ್, ನನ್ನ ಕಾರು ಕೊಟ್ಟು ಹೊಸದು ತಗೊಂಡ್ರೆ 26 ಕೊಡುತ್ತೆ. ಆರು ಜಾಸ್ತಿ. ಜೀಪು ಬದಲಿಸಿದ್ರೆ ಹೆಚ್ಚೆಂದ್ರೆ 13. ಬರೀ ಮೂರಕ್ಕೆ ಅಷ್ಟು ದುಡ್ಡು ಹಾಕೋದಾ?” ಅಪ್ಪನೂ ತಲೆಯಾಡಿಸಿದರು. “ಹೌದು ಮಾರಾಯ್ರೆ, ಜೀಪು ಹೇಗೂ ಕುಡಿಯೋದೇ, ಅದು ಕುಡ್ಕಂಡೇ ಇರ್ಲಿ.”

ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಸಾವಿರ ಕಿಲೋಮೀಟರಿಗೆ ಸಣ್ಣ ಕಾರು ಈಗ ಕುಡಿಯುವುದು 50 ಲೀಟರ್; 26 ಕೊಡುವ ಹೊಸದು ಬಂದರೆ 38 ಲೀಟರಿನ ಮೇಲೆ ಸ್ವಲ್ಪ. ಉಳಿಯುವುದು ಹನ್ನೊಂದೂವರೆ ಲೀಟರ್. ಜೀಪು ಕುಡಿಯುವುದು 100 ಲೀಟರ್. 13 ಕೊಡುವ ಗಾಡಿ ಬಂದರೆ 77. ಉಳಿಯುವುದು 23 ಲೀಟರ್. “ಬರೀ ಮೂರು” ಎಂದು ತಳ್ಳಿಹಾಕಿದ್ದರಲ್ಲ, ಅದರಲ್ಲಿ ಆರರ ಎರಡರಷ್ಟು ಉಳಿತಾಯ ಇತ್ತು. ಅಪ್ಪ ಆ ಚೀಟಿಯನ್ನು ಹರಿದುಕೊಂಡು ಜೇಬಿಗೆ ಹಾಕಿಕೊಂಡರು. ಮಗ ಮಾತ್ರ ಕ್ಯಾಲ್ಕುಲೇಟರ್ ತೆಗೆದು ಇನ್ನೊಮ್ಮೆ ಭಾಗಿಸಿ ನೋಡಿಯೇ ಒಪ್ಪಿದ್ದು. ಹಾಗೆ ನೋಡುವ ಹುಡುಗರು ನನಗೆ ಇಷ್ಟ.

ಇದು ಒಂದು ಸಲ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ. ಹಾಗಾಗಿ ಇನ್ನೊಂದು ಸಲ ಹೇಳುತ್ತೇನೆ. ಸಾವಿರ ಕಿಲೋಮೀಟರ್ ಓಡಿಸಲು 8 ಕೊಡುವ ಗಾಡಿಗೆ 125 ಲೀಟರ್ ಬೇಕು. 10 ಕೊಡುವುದಕ್ಕೆ 100. ಹನ್ನೆರಡೂವರೆ ಕೊಡುವುದಕ್ಕೆ 80. 20 ಕೊಡುವುದಕ್ಕೆ 50, 25 ಕೊಡುವುದಕ್ಕೆ 40, 40 ಕೊಡುವುದಕ್ಕೆ 25. ಈಗ ನೀವೇ ಕಳೆಯಿರಿ. 10ರಿಂದ ಹನ್ನೆರಡೂವರೆಗೆ ಹೋದರೆ 20 ಲೀಟರ್ ಉಳಿಯಿತು. 25ರಿಂದ 40ಕ್ಕೆ ಹಾರಿದರೂ ಉಳಿದದ್ದು 15 ಲೀಟರ್ ಮಾತ್ರ. ಎರಡೂವರೆಯ ಏರಿಕೆ ಹದಿನೈದರ ಏರಿಕೆಯನ್ನು ಸೋಲಿಸಿತು. ಮೈಲೇಜು ಕೆಳಗಿದ್ದಾಗ ಒಂದೊಂದು ಕಿಲೋಮೀಟರಿಗೂ ಬೆಲೆ ಹೆಚ್ಚು. ಮೇಲೇರುತ್ತಾ ಹೋದಂತೆ ಅದೇ ಒಂದು ಕಿಲೋಮೀಟರಿನ ಬೆಲೆ ಕರಗುತ್ತಾ ಹೋಗುತ್ತದೆ. ಕಾರಣ, ನೀವು ದುಡ್ಡು ಕೊಡುವುದು ಕಿಲೋಮೀಟರಿಗಲ್ಲ, ಲೀಟರಿಗೆ. ಓಡುವ ದೂರವನ್ನು ನಿಮ್ಮ ಕೆಲಸ ನಿರ್ಧರಿಸಿಬಿಟ್ಟಿರುತ್ತದೆ. ಯಾರೂ ಮೈಲೇಜು ಚೆನ್ನಾಗಿದೆ ಎಂದು ಆಫೀಸನ್ನು ದೂರ ಮಾಡಿಕೊಳ್ಳುವುದಿಲ್ಲ.

2024ರ ಮೇ ತಿಂಗಳಲ್ಲಿ ಹೊಸ ಸ್ವಿಫ್ಟ್ ಬಂದಾಗ ಆದ ಚರ್ಚೆ ನಿಮಗೆ ನೆನಪಿರಬಹುದು. ನಾಲ್ಕು ಸಿಲಿಂಡರಿನ ಎಂಜಿನ್ ಹೋಗಿ ಮೂರು ಸಿಲಿಂಡರಿನದು ಬಂತು. ಕಂಪನಿ ಘೋಷಿಸಿದ ಮೈಲೇಜು ಮ್ಯಾನುಯಲ್‌ನಲ್ಲಿ 22.38ರಿಂದ 24.80ಕ್ಕೆ ಏರಿತು. ಹಳೆಯ ಎಂಜಿನ್ನಿನ ನಯ ಬಲ್ಲವರು ಬೇಜಾರು ಮಾಡಿಕೊಂಡರು, ಮೈಲೇಜಿನ ಪಕ್ಷದವರು ಕುಣಿದಾಡಿದರು. ಲೀಟರಿಗೆ ಇಳಿಸಿದರೆ ಈ ಏರಿಕೆ ಸಾವಿರ ಕಿಲೋಮೀಟರಿಗೆ ಸುಮಾರು ನಾಲ್ಕೂಕಾಲು ಲೀಟರ್. ಪೆಟ್ರೋಲಿಗೆ ನೂರು ರೂಪಾಯಿ ಎಂದು ಹಿಡಿದರೆ 430 ರೂಪಾಯಿಯ ಆಸುಪಾಸು. ತಿಂಗಳಿಗೆ ಐನೂರು ಕಿಲೋಮೀಟರ್ ಓಡಿಸುವವರಿಗೆ ಅದರ ಅರ್ಧ. ಇನ್ನು 24.80ರ ಮ್ಯಾನುಯಲ್ ಬಿಟ್ಟು 25.75ರ ಎಎಂಟಿ (ಕ್ಲಚ್ ತುಳಿಯದೆ ಗೇರ್ ತಾನೇ ಬದಲಾಗುವ ಗಾಡಿ) ತೆಗೆದುಕೊಂಡರೆ ಸಿಗುವುದು ಸಾವಿರಕ್ಕೆ ಒಂದೂವರೆ ಲೀಟರ್. ಎಎಂಟಿ ಬೇಕಿದ್ದರೆ ಎಡಗಾಲಿಗೆ ಆರಾಮ ಎಂದು ತೆಗೆದುಕೊಳ್ಳಿ, ಅದು ನ್ಯಾಯವಾದ ಕಾರಣ. ಒಂದೂವರೆ ಲೀಟರಿಗಾಗಿ ತೆಗೆದುಕೊಳ್ಳಬೇಡಿ. ಹಾಗೆಯೇ, ಹಳೆಯ ನಾಲ್ಕು ಸಿಲಿಂಡರಿನ ಸ್ವಿಫ್ಟ್ ಚೆನ್ನಾಗಿ ಓಡುತ್ತಿದ್ದರೆ ಬರೀ ಮೈಲೇಜಿನ ಆಸೆಗೆ ಅದನ್ನು ಮಾರಬೇಡಿ ಎಂದು ನಾನು ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಇದೇನೂ ನಾನು ಕಂಡುಹಿಡಿದ ಲೆಕ್ಕವಲ್ಲ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದೇ ಹೇಳುತ್ತಾರೆ. ಅಮೆರಿಕದಲ್ಲಿ ನಮ್ಮ ಹಾಗೆಯೇ ಗ್ಯಾಲನ್ನಿಗೆ ಎಷ್ಟು ಮೈಲಿ ಎನ್ನುವ ರೂಢಿ. ಅಲ್ಲಿನ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು ಈ ತಪ್ಪು ಗ್ರಹಿಕೆಯನ್ನೇ ಪರೀಕ್ಷಿಸಿ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 2013ರ ಮಾಡೆಲ್‌ಗಳಿಂದ ಅಲ್ಲಿನ ಹೊಸ ಕಾರುಗಳ ಗಾಜಿಗೆ ಅಂಟಿಸುವ ಚೀಟಿಯಲ್ಲಿ ನೂರು ಮೈಲಿಗೆ ಎಷ್ಟು ಗ್ಯಾಲನ್ ಎಂಬುದನ್ನೂ ಕಡ್ಡಾಯವಾಗಿ ಮುದ್ರಿಸುತ್ತಾರೆ. ನಮ್ಮಲ್ಲಿ ಶೋರೂಮಿನವರು ಕಿಲೋಮೀಟರ್ ಹೇಳಿದರೂ, ಕಾರು ಕಂಪನಿಗಳಿಗೆ ಕೇಂದ್ರ ಸರ್ಕಾರ ಹಾಕಿದ ಇಂಧನ ಮಿತಿ ಲೀಟರಿನಲ್ಲೇ ಇದೆ. ಒಂದು ಕಂಪನಿ ಮಾರುವ ಕಾರುಗಳ ಸರಾಸರಿ 2017-18ರಿಂದ ನೂರು ಕಿಲೋಮೀಟರಿಗೆ 5.49 ಲೀಟರ್, 2022-23ರಿಂದ 4.77 ಲೀಟರ್, ಕಾರುಗಳ ಸರಾಸರಿ ತೂಕ ನೋಡಿಕೊಂಡು ಇದು ಸ್ವಲ್ಪ ಆಚೀಚೆ ಆಗುತ್ತದೆ. ನಿಯಮ ಬರೆದವರಿಗೆ ಗೊತ್ತಿರುವುದು ದುಡ್ಡು ಕೊಡುವವರಿಗೂ ಗೊತ್ತಿರಲಿ ಎಂಬುದೇ ನನ್ನ ಆಸೆ. ಅನೇಕ ಹೊಸ ಕಾರುಗಳ ಮೀಟರಿನ ಸೆಟ್ಟಿಂಗಿನಲ್ಲಿ ಲೀಟರ್ ಲೆಕ್ಕಕ್ಕೆ ಬದಲಿಸಿಕೊಳ್ಳುವ ಅವಕಾಶ ಇರುತ್ತದೆ. ಸರ್ವಿಸಿಗೆ ಬಂದವರು ಒಪ್ಪಿದರೆ ನಮ್ಮ ಹುಡುಗರು ಬದಲಿಸಿ ಕೊಡುತ್ತಾರೆ. ಕೆಲವರು ಮಾರನೇ ದಿನವೇ ಫೋನ್ ಮಾಡಿ, “ಮೀಟರ್ ಏನೋ ತಪ್ಪು ತೋರಿಸ್ತಿದೆ, 5.6 ಅಂತಿದೆ, ಗಾಡಿ ಕೆಟ್ಟಿದೆಯಾ?” ಎಂದು ಗಾಬರಿಯಾಗುವುದೂ ಉಂಟು. ಆಮೇಲೆ ರೂಢಿಯಾಗುತ್ತದೆ.

ಘಾಟಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಸರಾಸರಿ ತೆಗೆಯುವಾಗಲೂ ಇದೇ ತಪ್ಪು ಆಗುತ್ತದೆ. ಉಡುಪಿಗೆ ಹೋಗಿ ಬಂದವರು ಆಗುಂಬೆ ಇಳಿಯುವಾಗ ಮೀಟರ್ ತೋರಿಸಿದ ಸಂಖ್ಯೆಯ ಫೋಟೊ ತೆಗೆದುಕೊಂಡು ಬರುತ್ತಾರೆ. “ಹತ್ತುವಾಗ 8 ಕೊಡ್ತು, ಇಳಿಯುವಾಗ 40 ಕೊಡ್ತು, ಸರಾಸರಿ 24 ಬಂತಲ್ಲ!” ಬರಲಿಲ್ಲ. ಹತ್ತು ಕಿಲೋಮೀಟರ್ ಹತ್ತಲು ಒಂದೂಕಾಲು ಲೀಟರ್, ಅಷ್ಟೇ ದೂರ ಇಳಿಯಲು ಕಾಲು ಲೀಟರ್. ಇಪ್ಪತ್ತು ಕಿಲೋಮೀಟರಿಗೆ ಒಂದೂವರೆ ಲೀಟರ್. ಅಂದರೆ ಹದಿಮೂರರ ಮೇಲೆ ಸ್ವಲ್ಪ. ಹತ್ತುವಾಗ ಸುರಿದದ್ದನ್ನು ಇಳಿಯುವಾಗ ಪೂರ್ತಿ ವಾಪಸ್ ಪಡೆಯಲು ಆಗುವುದಿಲ್ಲ. ಪೇಟೆಯೊಳಗೆ ಅರ್ಧ, ಹೈವೇಯಲ್ಲಿ ಅರ್ಧ ಓಡಿಸುವವರೂ ಹೀಗೆಯೇ ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಬರುವ ಉತ್ತರ ಯಾವಾಗಲೂ ನಿಜಕ್ಕಿಂತ ಚೆಂದವಾಗಿರುತ್ತದೆ.

ಘಾಟಿಯ ಮಾತು ಬಂದಮೇಲೆ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಮೈಲೇಜಿಗೆಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವವರು ಇನ್ನೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟುಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರುಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಿರಲೆಂದು ಪೆಟ್ರೋಲ್ ಮತ್ತೆ ಸುರಿಯಲು ಶುರುವಾಗುತ್ತದೆ. ಉಳಿಸಲು ಹೋಗಿ ಖರ್ಚು ಮಾಡಿದ ಹಾಗಾಯಿತು. ಅದು ಹೋಗಲಿ, ಗಾಡಿಯ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ಹೊತ್ತುಕೊಂಡು ಗ್ಯಾರೇಜಿಗೆ ಬಂದ ಸಂಸಾರಗಳನ್ನು ನೋಡಿದ್ದೇನೆ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ನನಗೆ ನಿಜವಾಗಿ ಸಿಟ್ಟು ಬರುವುದು ಆಗಲೇ.

ಕಂಪನಿ ಹೇಳಿದ ಮೈಲೇಜು ಬರುವುದಿಲ್ಲ ಎಂಬ ದೂರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ, 1180 ಸೆಕೆಂಡುಗಳ ಗೊತ್ತಾದ ಓಟದಲ್ಲಿ, ಎಸಿ ಹಾಕದೆ, ಗಂಟೆಗೆ 90 ಕಿಲೋಮೀಟರ್ ದಾಟದೆ ತೆಗೆದ ಸಂಖ್ಯೆ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಅದು ಸಾಕು, ನಿಮ್ಮ ಮನೆಯ ಬಜೆಟ್ಟಿಗೆ ಸಾಲದು. ನಿಮ್ಮದೇ ಲೆಕ್ಕ ಬೇಕಿದ್ದರೆ ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ, ಆಟೊ ಕಟ್ ಆಗುವವರೆಗೆ ಟ್ಯಾಂಕ್ ಫುಲ್ ಮಾಡಿಸಿ, ಮೂರ್ನಾಲ್ಕು ಸಲ ಬರೆದಿಟ್ಟುಕೊಳ್ಳಿ. ಒಂದೇ ಸಲದ ಲೆಕ್ಕ ನಂಬಬೇಡಿ. ಟೈರಿನ ಗಾಳಿ ನೋಡಿಸಿ ಅಂತ ಬೇರೆ ಹೇಳಬೇಕಿಲ್ಲ.

ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಮೈಲೇಜು ಬಿತ್ತು ಎಂದು ಈಗ ದಿನಕ್ಕೊಬ್ಬರು ಕೇಳುತ್ತಾರೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಹಾಗಾಗಿ ಸ್ವಲ್ಪ ಬೀಳಲೇಬೇಕು. ಎಷ್ಟು ಎಂಬುದು ಗಾಡಿಯ ವಯಸ್ಸು, ಎಂಜಿನ್ನಿನ ಹೊಂದಾಣಿಕೆ ನೋಡಿ ಹೇಳಬೇಕಾದ ಮಾತು. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಿಗೆ ಶೇ. 6ರಿಂದ 7, ಇ20ಗೆ ಹೊಂದಿಸಿದ ಕಾರುಗಳಿಗೆ ಶೇ. 1ರಿಂದ 2 ಎಂದು ಅಂದಾಜು ಮಾಡಿತ್ತು. ನನ್ನ ಗಮನಕ್ಕೆ ಬಂದದ್ದು ಬೇರೆ. ಶೇ. 6 ಬಿದ್ದರೆ 20 ಕೊಡುವ ಕಾರಿನವರು “ಒಂದಕ್ಕಿಂತ ಹೆಚ್ಚು ಹೋಯ್ತು” ಎಂದು ಜೋರಾಗಿ ದೂರುತ್ತಾರೆ. 10 ಕೊಡುವ ದೊಡ್ಡ ಪೆಟ್ರೋಲ್ ಗಾಡಿಯವರು “ಅರ್ಧ ಅಷ್ಟೇ, ಪರವಾಗಿಲ್ಲ” ಎನ್ನುತ್ತಾರೆ. ಸಾವಿರ ಕಿಲೋಮೀಟರಿಗೆ ಮೊದಲಿನವರಿಗೆ ಹೆಚ್ಚಾಗಿ ಬೇಕಾದದ್ದು ಮೂರು ಲೀಟರ್ ಚಿಲ್ಲರೆ. ಪರವಾಗಿಲ್ಲ ಎಂದವರಿಗೆ ಆರು ಲೀಟರ್ ಚಿಲ್ಲರೆ.

ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಬಗ್ಗೆ ಹುಷಾರಾಗಿ ಹೇಳಬೇಕು. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್ ಕಾರನ್ನೇ ತೆಗೆದುಕೊಳ್ಳಿ. ಘೋಷಿತ ಮೈಲೇಜು, ಮೋಟಾರು ಎಂಜಿನ್ನಿಗೆ ಬರೀ ಕೈಜೋಡಿಸುವ ಮೈಲ್ಡ್ ಹೈಬ್ರಿಡ್ ಮ್ಯಾನುಯಲ್‌ಗೆ ಸುಮಾರು 21, ಮೋಟಾರೊಂದರಿಂದಲೇ ಸ್ವಲ್ಪ ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗೆ ಸುಮಾರು 28. ಸಾವಿರ ಕಿಲೋಮೀಟರಿಗೆ 12 ಲೀಟರ್ ವ್ಯತ್ಯಾಸ. ಇದಕ್ಕಾಗಿ ನೀವು ಎರಡು ಲಕ್ಷ ಹೆಚ್ಚು ಕೊಡುತ್ತೀರಿ ಎಂದಿಟ್ಟುಕೊಂಡರೆ, ನೂರು ರೂಪಾಯಿಯ ಪೆಟ್ರೋಲಿನಲ್ಲಿ ಆ ದುಡ್ಡು ವಾಪಸ್ ಬರಲು ಒಂದೂವರೆ ಲಕ್ಷ ಕಿಲೋಮೀಟರಿಗಿಂತ ಹೆಚ್ಚು ಓಡಬೇಕು. ಆದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿತ್ಯ ನಿಂತು ನಿಂತು ಹೋಗುವವರ ಕಥೆ ಬೇರೆ. ಅಲ್ಲಿ ಮಾಮೂಲಿ ಗಾಡಿ 12ಕ್ಕೆ ಇಳಿದು ಹೈಬ್ರಿಡ್ 20 ಕೊಟ್ಟರೆ ವ್ಯತ್ಯಾಸ 33 ಲೀಟರ್ ಆಗುತ್ತದೆ, ಅದೇ ದುಡ್ಡು 60 ಸಾವಿರ ಕಿಲೋಮೀಟರಿಗೇ ತೀರುತ್ತದೆ. 28ಕ್ಕೂ 21ಕ್ಕೂ ನಡುವೆ 7, 20ಕ್ಕೂ 12ಕ್ಕೂ ನಡುವೆ 8. ಕಳೆದು ನೋಡುವವರಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಆಗಿ ಕಾಣುತ್ತವೆ. ನಿಮ್ಮ ಓಡಾಟ ಎಂಥದ್ದು ಎಂದು ತಿಳಿಯದೆ ನಾನು ಯಾವುದನ್ನೂ ತೆಗೆದುಕೊಳ್ಳಿ ಎನ್ನುವುದಿಲ್ಲ. ಬ್ಯಾಟರಿ, ಮರುಮಾರಾಟ, ವಿಮೆ ಇವೆಲ್ಲ ಈ ಲೆಕ್ಕದ ಹೊರಗಿವೆ, ಅದೂ ನೆನಪಿರಲಿ.

ಸಿಎನ್‌ಜಿ ಕಾರಿನವರು ಮಾತ್ರ ಮೇಲಿನ ಸಂಖ್ಯೆಗಳ ಜೊತೆ ತಮ್ಮದನ್ನು ನೇರವಾಗಿ ಇಟ್ಟು ನೋಡಬಾರದು. ಸ್ವಿಫ್ಟ್ ಸಿಎನ್‌ಜಿಗೆ ಘೋಷಿಸಿದ 32.85 ಎಂಬುದು ಕೆ.ಜಿ.ಗೆ, ಲೀಟರಿಗಲ್ಲ. ಒಂದು ಕೆ.ಜಿ. ಸಿಎನ್‌ಜಿಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇರುತ್ತದೆ. ವಿದ್ಯುತ್ ಕಾರಿನವರದು ಯೂನಿಟ್ ಲೆಕ್ಕ. ಇಂಥ ಗಾಡಿಗಳನ್ನು ಪೆಟ್ರೋಲ್ ಗಾಡಿಯ ಜೊತೆ ಹೋಲಿಸಬೇಕಿದ್ದರೆ ಸಾವಿರ ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ಬರೆದುಕೊಳ್ಳಿ. ನಿಮ್ಮೂರಿನ ಬಂಕಿನ ರೇಟು, ನಿಮ್ಮ ಮನೆಯ ಕರೆಂಟ್ ಬಿಲ್ಲಿನ ರೇಟು ಹಾಕಿ.