ಕೃತ್ತಿಕೆಯ ಚುಕ್ಕಿಗಳನ್ನು ಸೋಸುವುದು: ಗಾಯಾ ದತ್ತಾಂಶದಿಂದ ಬಣ್ಣ-ಕಾಂತಿ ನಕ್ಷೆ

ಮೇ ತಿಂಗಳಲ್ಲಿ ಕೃತ್ತಿಕಾ ಮಳೆ ಎಂದು ರೈತರು ಎಣಿಸುವ ದಿನಗಳಲ್ಲಿ ಸೂರ್ಯ ಇರುವುದು ಕೃತ್ತಿಕೆಯ ದಿಕ್ಕಿನಲ್ಲೇ. ಹಾಗಾಗಿ ಆಗ ಆ ನಕ್ಷತ್ರಗುಚ್ಛ ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳು ಕಳೆದು, ನವೆಂಬರ್ ಮೂರನೇ ವಾರ ರಾತ್ರಿ ಹನ್ನೆರಡರ ಸುಮಾರಿಗೆ ಜೇವರ್ಗಿ ಕಡೆಯ ಹೊಲದಲ್ಲಿ, ಊರ ದೀಪಗಳಿಂದ ದೂರ ನಿಂತು ತಲೆ ಎತ್ತಿ. ಕಲಬುರಗಿಯ ಅಕ್ಷಾಂಶ 17.3 ಡಿಗ್ರಿ, ಕೃತ್ತಿಕೆಯ ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) 24.1. ಅಂದರೆ ಅದು ನೆತ್ತಿಯಿಂದ ಏಳು ಡಿಗ್ರಿಯಷ್ಟೇ ಉತ್ತರಕ್ಕೆ ಇರುತ್ತದೆ. ಬರಿಗಣ್ಣಿಗೆ ಆರೇಳು ಚುಕ್ಕಿ ಕಂಡಾವು, ಗುಚ್ಛದಲ್ಲಿರುವುದು ಸಾವಿರಕ್ಕೂ ಹೆಚ್ಚು. ಅವನ್ನು ಗಾಯಾ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಿಂದ ಹೆಕ್ಕಿ ತೆಗೆದು, ಅವುಗಳ ಬಣ್ಣ ಮತ್ತು ಬೆಳಕಿನ ನಕ್ಷೆ ಬರೆಯುವುದು ಈ ಟಿಪ್ಪಣಿಯ ಕೆಲಸ. ಸಾಧಾರಣ ಲ್ಯಾಪ್‌ಟಾಪ್, ಜಾವಾ, ಮತ್ತು ಉಚಿತವಾಗಿ ಸಿಗುವ ಟಾಪ್‌ಕ್ಯಾಟ್ ತಂತ್ರಾಂಶ ಇದ್ದರೆ ಸಾಕು. ಪೈಥಾನ್ ಬರದವರೂ ಮಾಡಬಹುದು.

ಮೊದಲು ಅಳತೆಯ ಸೂಕ್ಷ್ಮತೆ ತಿಳಿಯಬೇಕು. ಭೂಮಿ ಸೂರ್ಯನ ಸುತ್ತ ತಿರುಗುವಾಗ ಹತ್ತಿರದ ನಕ್ಷತ್ರ ದೂರದವುಗಳ ಎದುರು ತುಸು ಅಲುಗಿದಂತೆ ಕಾಣುತ್ತದೆ. ಈ ಅಲುಗಾಟದ ಅರ್ಧ ಕೋನವೇ ಪ್ಯಾರಲಾಕ್ಸ್. ಕೃತ್ತಿಕೆಗೆ ಅದು ಸುಮಾರು 7.36 ಮಿಲಿ ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು ಆರ್ಕ್‌ಸೆಕೆಂಡ್, ಅದರ ಸಾವಿರದ ಒಂದು ಪಾಲು ಮಿಲಿ ಆರ್ಕ್‌ಸೆಕೆಂಡ್). ನೆಲದ ಮೇಲಿನ ದೂರದರ್ಶಕದಲ್ಲಿ ಗಾಳಿಯ ಕಲಕಾಟಕ್ಕೆ ನಕ್ಷತ್ರದ ಚುಕ್ಕಿಯೇ ಒಂದು ಆರ್ಕ್‌ಸೆಕೆಂಡಿನಷ್ಟು ಹರಡಿಕೊಳ್ಳುತ್ತದೆ, ನಮಗೆ ಬೇಕಾದ್ದು ಅದರ 136ನೇ ಒಂದು ಪಾಲು. 2013ರ ಡಿಸೆಂಬರ್ 19ರಂದು ಹಾರಿದ ಯುರೋಪಿನ ಗಾಯಾ, ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಎಲ್-2 ಬಿಂದುವಿನ ಬಳಿ ಇದ್ದು, 2025ರ ಜನವರಿಯವರೆಗೆ ಇದನ್ನೇ ಅಳೆಯಿತು. ನಾವು ಬಳಸುವುದು 2022ರ ಜೂನ್ 13ರಂದು ಬಂದ ಮೂರನೇ ಬಿಡುಗಡೆ, ಅಂದರೆ ಡಿಆರ್-3. ಜಿ ಕಾಂತಿಮಾನ (ಗಾಯಾ ಅಳೆದ ಬೆಳಕು, ಸಂಖ್ಯೆ ಹೆಚ್ಚಾದಷ್ಟೂ ಮಂದ) 15ರವರೆಗಿನ ನಕ್ಷತ್ರಗಳಿಗೆ ಅದರ ಪ್ಯಾರಲಾಕ್ಸ್ ದೋಷ 0.02ರಿಂದ 0.03 ಮಿಲಿ ಆರ್ಕ್‌ಸೆಕೆಂಡ್. 17ಕ್ಕೆ 0.07, 20ಕ್ಕೆ 0.5. ಈ ಮೂರು ಅಂಕಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ದತ್ತಾಂಶ ಇಳಿಸುವುದು ಹೀಗೆ. ಟಾಪ್‌ಕ್ಯಾಟ್‌ನ ಟ್ಯಾಪ್ ಕಿಟಕಿಯಲ್ಲಿ (ದೂರದ ಸರ್ವರಿಗೆ ಪ್ರಶ್ನೆ ಕಳಿಸುವ ಕಿಟಕಿ) ಗಾಯಾ ಸರ್ವರ್ ಆರಿಸಿ, ಡಿಆರ್-3ರ ಮುಖ್ಯ ಪಟ್ಟಿ ತೆಗೆಯಿರಿ. ಕೇಂದ್ರ: ಆರ್‌ಎ 56.75, ಡೆಕ್ 24.12 (ಆಕಾಶದ ರೇಖಾಂಶ ಮತ್ತು ಅಕ್ಷಾಂಶ, ಡಿಗ್ರಿಯಲ್ಲಿ). ತ್ರಿಜ್ಯ 3 ಡಿಗ್ರಿ. ಎಲ್ಲಾ ಕಾಲಂ ತರಬೇಡಿ. ಸೋರ್ಸ್ ಐಡಿ, ಪ್ಯಾರಲಾಕ್ಸ್, ಅದರ ದೋಷ, ಸ್ವಂತ ಚಲನೆಯ (ನಕ್ಷತ್ರ ಆಕಾಶದಲ್ಲಿ ವರ್ಷಕ್ಕೆ ಸರಿಯುವ ಕೋನ) ಎರಡು ಕಾಲಂ, ಜಿ ಕಾಂತಿಮಾನ, ಬಿಪಿ-ಆರ್‌ಪಿ ಬಣ್ಣ (ನೀಲಿ ಮತ್ತು ಕೆಂಪು ಕಾಂತಿಮಾನಗಳ ವ್ಯತ್ಯಾಸ), ರೂವಿ (ruwe, ಅಳತೆ ಒಂಟಿ ನಕ್ಷತ್ರದ ಲೆಕ್ಕಕ್ಕೆ ಎಷ್ಟು ಹೊಂದಿದೆ ಎಂಬ ಸಂಖ್ಯೆ) ಇಷ್ಟು ಸಾಕು. ಪ್ಯಾರಲಾಕ್ಸ್ 5ಕ್ಕಿಂತ ಹೆಚ್ಚಿರಬೇಕು ಎಂಬ ಷರತ್ತನ್ನು ಸರ್ವರಿಗೇ ಹೇಳಿಬಿಡಿ, ನೆಟ್ ನಿಧಾನ ಇದ್ದಲ್ಲಿ ಇದರಿಂದ ಬಹಳ ಉಳಿತಾಯ. ಷರತ್ತಿಲ್ಲದೆ ತಂದರೆ ಸಾವಿರಾರು ಸಾಲುಗಳಲ್ಲಿ ಪ್ಯಾರಲಾಕ್ಸ್ ಋಣಸಂಖ್ಯೆ ಬಂದಿರುತ್ತದೆ. ಅದು ಫೈಲು ಕೆಟ್ಟಿದ್ದಲ್ಲ. ಬಹುದೂರದ ನಕ್ಷತ್ರದ ನಿಜ ಕೋನ ಸೊನ್ನೆಗೆ ಹತ್ತಿರ, ಅಳತೆಯ ದೋಷ ಅದಕ್ಕಿಂತ ದೊಡ್ಡದು, ಅಷ್ಟೇ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: ಸಿಂಕ್ರೊನಸ್ ವಿಧಾನದಲ್ಲಿ (ಉತ್ತರ ಬರುವವರೆಗೆ ಸಂಪರ್ಕ ಹಿಡಿದು ಕಾಯುವ ಬಗೆ) ಗಾಯಾ ಸರ್ವರ್ 2000 ಸಾಲಿಗೆ ನಿಲ್ಲಿಸಿಬಿಡುತ್ತದೆ. ಸರಿಯಾಗಿ 2000 ಸಾಲು ಬಂದಿದ್ದರೆ ನಿಮ್ಮ ಪಟ್ಟಿ ಅರ್ಧಕ್ಕೇ ಕತ್ತರಿಸಿದೆ ಎಂದೇ ತಿಳಿಯಿರಿ. ಅಸಿಂಕ್ರೊನಸ್ ಆರಿಸಿ. ಕೆಲಸ ಸರ್ವರ್‌ನಲ್ಲೇ ನಡೆಯುವುದರಿಂದ ನಡುವೆ ಕರೆಂಟ್ ಹೋದರೂ, ಆ ಕೆಲಸದ ಯುಆರ್‌ಎಲ್ ಬರೆದಿಟ್ಟುಕೊಂಡಿದ್ದರೆ ಮತ್ತೆ ಹಿಡಿಯಬಹುದು.

ಇನ್ನು ಸೋಸುವುದು. ತೊಗರಿ ರಾಶಿ ಮಾಡಿದವರಿಗೆ ಇದು ಬೇಗ ಹತ್ತುತ್ತದೆ: ಗಾಳಿಗೆ ತೂರಿದರೆ ಹೊಟ್ಟು ಹೋಗುತ್ತದೆ, ಕಲ್ಲು ಉಳಿಯುತ್ತದೆ, ಕಲ್ಲಿಗೆ ಜರಡಿಯೇ ಬೇಕು. ಇಲ್ಲಿಯೂ ಒಂದೊಂದು ಜರಡಿ ಒಂದೊಂದು ಬಗೆಯ ಕಸ ತೆಗೆಯುತ್ತದೆ.

ಸ್ವಂತ ಚಲನೆಯ ಎರಡು ಕಾಲಂಗಳನ್ನು ಅಡ್ಡ-ಉದ್ದ ಅಕ್ಷದಲ್ಲಿ ಹಾಕಿ. ಹಿನ್ನೆಲೆಯ ನಕ್ಷತ್ರಗಳು ಎಲ್ಲೆಡೆ ಚೆದುರಿರುತ್ತವೆ. ಅಡ್ಡ 20, ಉದ್ದ −45.5 (ವರ್ಷಕ್ಕೆ ಮಿಲಿ ಆರ್ಕ್‌ಸೆಕೆಂಡ್) ಬಳಿ ಮಾತ್ರ ಒಂದು ದಟ್ಟ ಕಪ್ಪು ಗುಂಪು. ಅದೇ ಕೃತ್ತಿಕೆ. ಆ ಬಿಂದುವಿನ ಸುತ್ತ 6ರ ತ್ರಿಜ್ಯದ ವೃತ್ತ ಇಟ್ಟುಕೊಳ್ಳಿ. 1 ಅಥವಾ 2 ಇಟ್ಟರೆ ಸಾಲದು: ಗುಚ್ಛದೊಳಗಿನ ನಕ್ಷತ್ರಗಳಿಗೆ ತಮ್ಮದೇ ಓಡಾಟವಿದೆ, ಆ ದೂರದಲ್ಲಿ ಸೆಕೆಂಡಿಗೆ 1 ಕಿ.ಮೀ. ಎಂದರೆ 1.5ರಷ್ಟು. ಎರಡನೆಯದು ಪ್ಯಾರಲಾಕ್ಸ್, 6.8ರಿಂದ 8.0. ದೂರಕ್ಕೆ ತಿರುಗಿಸಿದರೆ (1000ವನ್ನು ಪ್ಯಾರಲಾಕ್ಸ್‌ನಿಂದ ಭಾಗಿಸಿ) 147ರಿಂದ 125 ಪಾರ್ಸೆಕ್ (ಒಂದು ಪಾರ್ಸೆಕ್ ಎಂದರೆ 3.26 ಬೆಳಕಿನ ವರ್ಷ), ಗುಚ್ಛದ ಮೈ ಇದರೊಳಗೆ ಹಿಡಿಯುತ್ತದೆ. ಮೂರನೆಯದು ಪ್ಯಾರಲಾಕ್ಸ್ ಮತ್ತು ದೋಷದ ಅನುಪಾತ 10ಕ್ಕಿಂತ ಹೆಚ್ಚು. ಇದನ್ನು 20 ಮಾಡಿದರೆ ಇನ್ನೂ ಶುದ್ಧವಾಗುತ್ತದೆ ಎಂದು ಆಸೆಪಡಬೇಡಿ. 7.36ನ್ನು 20ರಿಂದ ಭಾಗಿಸಿದರೆ 0.37, ಮೇಲಿನ ಅಂಕಿಗಳ ಪ್ರಕಾರ 20ನೇ ಕಾಂತಿಮಾನದ ಮಂದ ಕೆಂಪು ಕುಬ್ಜಗಳೆಲ್ಲ ಹೊರಬೀಳುತ್ತವೆ. ಕಸದ ಜೊತೆ ಕಾಳೂ ಹೋಯಿತು.

ರೂವಿ 1.4ಕ್ಕಿಂತ ಕಡಿಮೆ ಇರಲಿ ಎಂಬ ನಿಯಮವನ್ನು ಹಲವರು ಕಣ್ಣುಮುಚ್ಚಿ ಹಾಕುತ್ತಾರೆ. ಒಂಟಿ ನಕ್ಷತ್ರದ ಲೆಕ್ಕಕ್ಕೆ ಹೊಂದದ ಚಲನೆ ಇದ್ದಲ್ಲಿ ಈ ಸಂಖ್ಯೆ ಏರುತ್ತದೆ, ಜೋಡಿ ನಕ್ಷತ್ರಗಳಲ್ಲಿ ಹಾಗಾಗುವುದು ಸಹಜ. ಜೋಡಿಗಳನ್ನೇ ಹುಡುಕುವವರು ಈ ಜರಡಿ ಹಾಕಬಾರದು.

ನಕ್ಷೆಗೆ ಬನ್ನಿ. ನಕ್ಷತ್ರವನ್ನು 10 ಪಾರ್ಸೆಕ್ ದೂರದಲ್ಲಿಟ್ಟರೆ ಕಾಣುವ ಕಾಂತಿಯೇ ನಿರಪೇಕ್ಷ ಕಾಂತಿಮಾನ. ನಿರಪೇಕ್ಷ ಕಾಂತಿಮಾನ = ಜಿ + 5 × ಲಾಗ್(ಪ್ಯಾರಲಾಕ್ಸ್) − 10. ಲಾಗ್ ಆಧಾರ 10, ಪ್ಯಾರಲಾಕ್ಸ್ ಮಿಲಿ ಆರ್ಕ್‌ಸೆಕೆಂಡಿನಲ್ಲಿ. 7.36 ಹಾಕಿದರೆ ಜಿ-ಯಿಂದ 5.67 ಕಳೆದಂತಾಗುತ್ತದೆ. ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಇದು. ಉದ್ದ ಅಕ್ಷವನ್ನು ತಲೆಕೆಳಗು ಮಾಡಲು ಮರೆಯಬೇಡಿ, ಕಾಂತಿಮಾನ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಸರಿ ಬಂದಿದೆಯೇ ಎಂದು ನೋಡಲು ಸೂರ್ಯನೇ ಸಾಕು: ಅದರ ಬಣ್ಣ 0.82, ನಿರಪೇಕ್ಷ ಕಾಂತಿಮಾನ 4.67. ನಿಮ್ಮ ನಕ್ಷೆಯಲ್ಲಿ ಚುಕ್ಕಿಗಳು ಕಟ್ಟುವ ಗೆರೆ ಆ ಬಣ್ಣದಲ್ಲಿ 5ರ ಆಸುಪಾಸು ಹಾಯದಿದ್ದರೆ ಸೂತ್ರದಲ್ಲೋ ಘಟಕದಲ್ಲೋ ತಪ್ಪಿದೆ.

ಎಡಮೇಲಿಂದ ಬಲಕೆಳಕ್ಕೆ ಇಳಿಯುವ ಆ ಗೆರೆ, ಅಂದರೆ ಮುಖ್ಯ ಶ್ರೇಣಿಯ ಮೇಲ್ಗಡೆ, ಅದಕ್ಕೆ ಸಮಾನಾಂತರವಾಗಿ ಇನ್ನೊಂದು ತೆಳು ಗೆರೆ ಕಾಣುತ್ತದೆ. ಎತ್ತರದ ವ್ಯತ್ಯಾಸ ಸುಮಾರು 0.75. ಎರಡು ಸಮ ನಕ್ಷತ್ರ ಒಂದೇ ಚುಕ್ಕಿಯಾಗಿ ಕಂಡರೆ ಬೆಳಕು ಇಮ್ಮಡಿ, ಬಣ್ಣ ಅದೇ, 2.5 × ಲಾಗ್ 2 = 0.75. ಬೇರೆಬೇರೆಯಾಗಿ ಕಾಣದ ಜೋಡಿಗಳನ್ನು ಇಷ್ಟು ಸರಳ ಲೆಕ್ಕದಲ್ಲಿ ಹಿಡಿಯುವುದು ಈ ನಕ್ಷೆಯ ಅತಿ ಸೊಗಸಾದ ಭಾಗ. ಕೆಳಗೆ ಎಡಕ್ಕೆ ಒಂಟಿಯಾಗಿ ಬಿದ್ದ ಬಿಂದು ಇದ್ದರೆ ಅದು ಶ್ವೇತ ಕುಬ್ಜವಿರಬಹುದು (ಉರಿದು ಮುಗಿದ ನಕ್ಷತ್ರದ ಉಳಿಕೆ). ಕೆಂಪು ದೈತ್ಯಗಳು ಇಲ್ಲವೇ ಇಲ್ಲ, ಏಕೆಂದರೆ ಗುಚ್ಛದ ವಯಸ್ಸು ಹತ್ತು-ಹನ್ನೆರಡು ಕೋಟಿ ವರ್ಷ ಮಾತ್ರ. ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ನಕ್ಷತ್ರಗಳ ಸಾಲು ಪಟ್ಟಿಯಲ್ಲಿ ಸಿಗದಿದ್ದರೆ ಗಾಬರಿ ಬೇಡ. ಜಿ 3ಕ್ಕೆ ಹತ್ತಿರದ ಬೆಳಕು ಗಾಯಾಕ್ಕೆ ಅತಿಯಾಯಿತು.

ಹಿಂದೆ ಇದೇ ದೂರ ದೊಡ್ಡ ಜಗಳವಾಗಿತ್ತು. ಹಿಪ್ಪಾರ್ಕಸ್ ಉಪಗ್ರಹ 120 ಪಾರ್ಸೆಕ್ ಆಸುಪಾಸು ಹೇಳಿತು, ಶ್ರೇಣಿ 0.3 ಕಾಂತಿಮಾನ ಕೆಳಗೆ ಜಾರಿತು, ನಕ್ಷತ್ರ ಸಿದ್ಧಾಂತವೇ ತಪ್ಪೇ ಎಂಬ ಅನುಮಾನ ಎದ್ದಿತು. 2014ರ ರೇಡಿಯೋ ಅಳತೆ 136 ಕೊಟ್ಟಿತು, ಗಾಯಾವೂ ಅದನ್ನೇ ಹೇಳಿತು.

ಮುಂದಿನ ಅಭ್ಯಾಸಕ್ಕೆ ಪಕ್ಕದ ಹಯಾಡ್ಸ್ ಗುಚ್ಛ, ಪ್ಯಾರಲಾಕ್ಸ್ ಸುಮಾರು 21. ಅದರ ಮುಂದೆ ಹೊಳೆಯುವ ರೋಹಿಣಿ ಆ ಗುಚ್ಛದ್ದಲ್ಲ: ರೋಹಿಣಿ 65 ಬೆಳಕಿನ ವರ್ಷ, ಗುಚ್ಛ 150ಕ್ಕೂ ತುಸು ಆಚೆ. ಅಲ್ಲಿ ಸ್ವಂತ ಚಲನೆಯ ವೃತ್ತ ಕೈಕೊಡುತ್ತದೆ. ಗುಚ್ಛ ಹತ್ತಿರವಿದ್ದು ಆಕಾಶದಲ್ಲಿ ಅಗಲಕ್ಕೆ ಹರಡಿರುವುದರಿಂದ, ಎಲ್ಲವೂ ಒಂದೇ ದಿಕ್ಕಿಗೆ ಓಡಿದರೂ ನಮಗೆ ದೂರದ ಒಂದು ಬಿಂದುವಿನತ್ತ ಕೂಡುವಂತೆ ಕಾಣುತ್ತವೆ, ರೈಲು ಹಳಿಗಳ ಹಾಗೆ. ಅಲ್ಲಿ ವೃತ್ತ ಬಿಟ್ಟು, ಚಲನೆಯ ಬಾಣಗಳು ಆ ಬಿಂದುವಿನತ್ತ ತಿರುಗಿವೆಯೇ ಎಂದು ಒಂದೊಂದಾಗಿ ಪರೀಕ್ಷಿಸಬೇಕು.