ತುಕ್ಕಿಗೆ ಒಪ್ಪಿಸಿದ ಮೈ

ಗೇಟಿನ ಮೂಲೆಯಲ್ಲಿ ತುಕ್ಕು ಕಂಡರೆ ನಾವು ಅದನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿಯುತ್ತೇವೆ. ಆ ಬಣ್ಣದ ಕೆಂಪೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಒಡಹುಟ್ಟು! ಬ್ರಿಟನ್ನಿನ ಶಿಲ್ಪಿ ಆಂಟನಿ ಗಾರ್ಮ್ಲಿ ಮಾತ್ರ ತನ್ನ ಕೆಲಸಕ್ಕೆ ತುಕ್ಕನ್ನೇ ಕರೆದು ಕೂರಿಸಿಕೊಂಡವರು.

1950ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗಾರ್ಮ್ಲಿ ಕೇಂಬ್ರಿಜ್‌ನಲ್ಲಿ ಪುರಾತತ್ವ, ಮಾನವಶಾಸ್ತ್ರ, ಕಲಾ ಇತಿಹಾಸ ಓದಿದರು. ಆಮೇಲೆ ಭಾರತ, ಶ್ರೀಲಂಕಾಗಳಲ್ಲಿ ಅಲೆದಾಡಿ ವಿಪಸ್ಸನ ಧ್ಯಾನ ಕಲಿತರು. ಆ ಕಲಿಕೆ ಕೆಲಸಕ್ಕೂ ಬಂತು. ಅವರ ಅನೇಕ ಶಿಲ್ಪಗಳಿಗೆ ಮಾದರಿ ಅವರದೇ ದೇಹ. ಮೈಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಪ್ಲಾಸ್ಟರ್‌ನಲ್ಲಿ ಅದ್ದಿದ ಬಟ್ಟೆ ಹೊದಿಸುತ್ತಾರೆ. ಅದು ಗಟ್ಟಿಯಾಗುವವರೆಗೆ ಉಸಿರಾಟ ಬಿಟ್ಟು ಬೇರೇನೂ ಅಲುಗಬಾರದು. ಆಮೇಲೆ ಅಚ್ಚನ್ನು ಕತ್ತರಿಸಿ ಒಳಗಿನ ಮನುಷ್ಯನನ್ನು ಬಿಡಿಸಬೇಕು.

1998ರಲ್ಲಿ ಉತ್ತರ ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ ದಿಬ್ಬದ ಮೇಲೆ ನಿಂತ 'ಏಂಜೆಲ್ ಆಫ್ ದ ನಾರ್ತ್', ಅಂದರೆ ರೆಕ್ಕೆ ಚಾಚಿದ ಉಕ್ಕಿನ ಮನುಷ್ಯಾಕೃತಿ, ಇದರ ದೈತ್ಯ ರೂಪ. ಎತ್ತರ 20 ಮೀಟರ್, ರೆಕ್ಕೆಯ ಹರವು 54 ಮೀಟರ್, ತೂಕ ಸುಮಾರು 200 ಟನ್. ಅಷ್ಟಗಲದ ರೆಕ್ಕೆ ಗಾಳಿಗೆ ಹಾಯಿಯಿದ್ದ ಹಾಗೆ. ಅದಕ್ಕೇ ಇದರ ಪಕ್ಕೆಲುಬುಗಳು ಚರ್ಮದ ಹೊರಗಿವೆ. ರೆಕ್ಕೆ ತಿಂದ ಗಾಳಿಯ ಹೊಡೆತವನ್ನು ಅವು ಪಾದಕ್ಕೆ ಇಳಿಸುತ್ತವೆ. ಅಲ್ಲಿಂದ ಕಾಂಕ್ರೀಟ್ ಕಂಬಗಳು 20 ಮೀಟರ್ ಆಳದ ಬಂಡೆಗೆ ಒಯ್ಯುತ್ತವೆ. ಅಡಿಯಲ್ಲಿರುವುದು ಹಳೆಯ ಕಲ್ಲಿದ್ದಲು ಗಣಿ. ಆ ಪೊಳ್ಳನ್ನು ಮೊದಲು ತುಂಬಿಸಬೇಕಾಯಿತು.

ಇಷ್ಟು ಉಕ್ಕಿಗೆ ಬಣ್ಣವೇ ಇಲ್ಲ. ಸಾಧಾರಣ ಕಬ್ಬಿಣದ ತುಕ್ಕು ಪುಡಿಪುಡಿ. ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವ ಅದು ಉಬ್ಬಿ, ಬಿರಿದು, ಉದುರುತ್ತದೆ. ಉದುರಿದಲ್ಲಿ ಹೊಸ ಲೋಹ ಗಾಳಿಗೆ ತೆರೆದುಕೊಂಡು ಮತ್ತೆ ತುಕ್ಕು ಹಿಡಿಯುತ್ತದೆ. ಏಂಜೆಲ್‌ನ ಕಾರ್-ಟೆನ್ ಉಕ್ಕಿನಲ್ಲಿ ಚೂರು ತಾಮ್ರ ಬೆರೆತಿದೆ. ಮಳೆಗೆ ನೆನೆದು, ಗಾಳಿಗೆ ಒಣಗಿ, ಮತ್ತೆ ನೆನೆದು ಒಣಗುತ್ತಾ ಅದರ ಮೇಲೆ ದಟ್ಟವಾದ ತುಕ್ಕಿನ ಪದರ ಕೂರುತ್ತದೆ. ಒಳಗಿನ ಉಕ್ಕನ್ನು ಕಾಯುವುದು ಆ ಪದರವೇ. ಆದರೆ ಒಣಗಲು ಬಿಡುವು ಸಿಗಲೇಬೇಕು. ಸದಾ ತೇವವಿದ್ದರೆ, ಉಪ್ಪು ಅಂಟಿದರೆ ಈ ಉಪಾಯ ನಡೆಯದು.

ಆ ಬಿಡುವೇ ಇಲ್ಲದ ಕಡೆಯೂ ಗಾರ್ಮ್ಲಿ ಕಬ್ಬಿಣ ನಿಲ್ಲಿಸಿದ್ದಾರೆ. ಲಿವರ್‌ಪೂಲ್ ಬಳಿಯ ಕ್ರಾಸ್ಬಿ ಕಡಲತೀರದಲ್ಲಿ, ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೂ, ತಲಾ 650 ಕಿಲೋ ತೂಗುವ 100 ಎರಕದ ಕಬ್ಬಿಣದ ಮನುಷ್ಯರು ಕಡಲಿನತ್ತ ಮುಖ ಮಾಡಿ ನಿಂತಿದ್ದಾರೆ. ಹೆಸರು 'ಅನದರ್ ಪ್ಲೇಸ್'. ಇಲ್ಲಿಯ ತುಕ್ಕು ಕಾಯುವುದಿಲ್ಲ, ತಿನ್ನುತ್ತದೆ. ಉಪ್ಪಿನ ಕ್ಲೋರೈಡ್ ರಕ್ಷಾಪದರ ನಿಲ್ಲಗೊಡುವುದಿಲ್ಲ. ಅಲೆ, ಮರಳು ಉಳಿದದ್ದನ್ನು ಸವೆಸುತ್ತವೆ. ನನಗೆ ಏಂಜೆಲ್‌ಗಿಂತ ಇವರೇ ಹತ್ತಿರ. ಏಂಜೆಲ್ ಗಾಳಿಯ ಲೆಕ್ಕ ಹಾಕಿ ನಿಂತಿದೆ, ಇವರು ಸುಮ್ಮನೆ ನಿಂತಿದ್ದಾರೆ.

ಕಡಲಿಗಂತೂ ಇವರು ಶಿಲ್ಪಗಳಲ್ಲ, ಬರೀ ಬಂಡೆ. ಮರಳಿನ ತೀರದಲ್ಲಿ ಅಂಟಿಕೊಳ್ಳಲು ಗಟ್ಟಿ ನೆಲೆ ಸಿಗದ ಬಾರ್ನಕಲ್‌ಗಳು, ಅಂದರೆ ಏಡಿ-ಸಿಗಡಿಗಳ ದಾಯಾದಿಗಳು, ಈ ಮೈಗಳ ಮೇಲೆ ಮನೆ ಹೂಡಿವೆ. ದಡಕ್ಕೆ ಹತ್ತಿರ ನಿಂತವನ ಮೈ ಬರಿಯ ಕಂದು ತುಕ್ಕು. ನೀರಿನತ್ತ ನಡೆದಂತೆ ಸಿಗುವವರ ಕಾಲಿಗೆ, ಸೊಂಟಕ್ಕೆ ಒರಟು ಚಿಪ್ಪು ಏರಿದೆ. ಭರತ ಬಂದಾಗ ದೂರದವರು ಎದೆ, ಕತ್ತು, ಕೊನೆಗೆ ನೆತ್ತಿಯವರೆಗೆ ಮುಳುಗುತ್ತಾರೆ, ಚಿಪ್ಪುಗಳೆಲ್ಲ ಆಗ ಬಾಯಿ ತೆರೆದು ಉಣ್ಣತೊಡಗುತ್ತವೆ.